ಪಂಚನಾಮೆಯಲ್ಲಿ ಪಂಚಮ ಎಲ್ಲಿ?

1

2019ರ ಆಗಸ್ಟ್ ತಿಂಗಳ ಮಳೆಯಲ್ಲಿ ಮುಂಡಗೋಡ ತಾಲೂಕಿನ ಚಿಗಳ್ಳಿಯ ಜಲಾಶಯದ ಏರಿ ಒಡೆಯಿತು. ಕೆಳಗಿನ ಗದ್ದೆಗಳ ಮೇಲೆ ನೀರು ನುಗ್ಗಿತು. ಅಲ್ಲಿಯವರೆಗೆ ಹೊರಗಿನವರಿಗೆ ಚಿಗಳ್ಳಿ ಅಂದರೆ ದೀಪನಾಥೇಶ್ವರ ಗುಡಿಯ ಊರು. ಎಣ್ಣೆಯಿಲ್ಲದೆ ಉರಿಯುತ್ತವೆಂದು ಭಕ್ತರು ನಂಬಿದ್ದ ದೀಪಗಳ ಊರು. ಆ ದೀಪಗಳ ಬಗ್ಗೆ ನಾನು ಓದಿದಷ್ಟು ಬರಹವನ್ನು ಆ ಏರಿಯ ಬಗ್ಗೆ ಓದಿಲ್ಲ. ಪವಾಡಕ್ಕೆ ಓದುಗರಿದ್ದಾರೆ, ಒಡ್ಡಿನ ಮಣ್ಣಿಗೆ ಇಲ್ಲ.

ಆ ವರ್ಷ ಕರ್ನಾಟಕದ 22 ಜಿಲ್ಲೆಗಳ 103 ತಾಲೂಕುಗಳನ್ನು ನೆರೆಪೀಡಿತ ಎಂದು ಸರ್ಕಾರ ಸಾರಿತು. ಎರಡು ಲಕ್ಷಕ್ಕೂ ಹೆಚ್ಚು ಮನೆಗಳು ಬಿದ್ದವು ಇಲ್ಲವೇ ಬಿರುಕು ಬಿಟ್ಟವು. ಒಟ್ಟು ನಷ್ಟ 35 ಸಾವಿರ ಕೋಟಿ ರೂಪಾಯಿ ದಾಟುತ್ತದೆ ಎಂದು ರಾಜ್ಯ ಲೆಕ್ಕ ಹಾಕಿತು. ಅಕ್ಟೋಬರಿನಲ್ಲಿ ಕೇಂದ್ರ ಮೊದಲ ಕಂತಾಗಿ 1,200 ಕೋಟಿ ಬಿಡುಗಡೆ ಮಾಡಿತು. ಇವೆಲ್ಲ ದೊಡ್ಡ ಲೆಕ್ಕಗಳು. ನಾನು ಹೇಳಹೊರಟಿರುವುದು ಇವುಗಳ ಕೆಳಗೆ, ಒಂದು ಶಾಲೆಯ ಕೋಣೆಯಲ್ಲಿ ಮರದ ಬೆಂಚಿನ ಮೇಲೆ ಇಟ್ಟು ಬರೆದ ಒಂದು ಪಟ್ಟಿಯ ಬಗ್ಗೆ.

ನಾನು ಇದೇ ತಾಲೂಕಿನವನು. ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ಇದು ಆ ಊರಿನ ತಕರಾರು ಎಂದು ಓದಿ ಬದಿಗಿಡುವವರಿದ್ದಾರೆ. ಕನ್ನಡ ಎಂ.ಎ. ಮಾಡಿ ಈಗ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕನಾಗಿದ್ದೇನೆ. ದಲಿತ ವಿಮರ್ಶೆಯ ಈ ಸಂಚಿಕೆಗೆ ಬರೆಯಬೇಕೆಂದು ಕೂತಾಗ ಮೊದಲು ಕೈಗೆ ಬಂದದ್ದು ಕಾವ್ಯ. ನಮ್ಮ ಅಭ್ಯಾಸವೇ ಅದು. ದಲಿತ ವಿಮರ್ಶೆ ಅಂದರೆ ದಲಿತರು ಬರೆದ ಕವಿತೆ, ಕತೆ, ಆತ್ಮಕಥನಗಳ ವಿಮರ್ಶೆ ಎಂದು ನಾವೂ ಒಪ್ಪಿಕೊಂಡುಬಿಟ್ಟಿದ್ದೇವೆ. ಆದರೆ ದಲಿತರನ್ನು ಕುರಿತು ಈ ನಾಡಿನಲ್ಲಿ ಅತಿ ಹೆಚ್ಚು ಬರೆಯುವವರು ಯಾರು? ಕವಿಗಳಲ್ಲ, ಕಾದಂಬರಿಕಾರರಲ್ಲ. ಸರ್ಕಾರಿ ಕಚೇರಿಗಳು. ಪ್ರತಿದಿನ ಬರೆಯುತ್ತವೆ. ಪಂಚನಾಮೆ, ಜಾಬಿತಾ, ನಡಾವಳಿ, ಸುತ್ತೋಲೆ. ಈ ಅಗಾಧ ಗದ್ಯವನ್ನು ನಾವು ಓದಿದ್ದೇವೆಯೇ? 1973ರಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯವನ್ನು ಬೂಸಾ ಎಂದಾಗ ಎದ್ದ ಪ್ರಶ್ನೆ ಸರಳವಾದದ್ದು: ಇದರಲ್ಲಿ ನಾವು ಎಲ್ಲಿದ್ದೇವೆ? ಆ ಪ್ರಶ್ನೆಯನ್ನು ಪಂಚನಾಮೆಗೂ ಕೇಳಬೇಕು. ಐದು ಜನರ ಸಾಕ್ಷಿಯೆಂಬ ಅರ್ಥದ ಈ ಪದದಲ್ಲಿ, ಊರು ಐದನೆಯವನೆಂದು ಹೊರಗಿಟ್ಟ ಪಂಚಮ ಎಲ್ಲಿ?

2

ನೆರೆ ಇಳಿದ ಮೇಲೆ ಸರ್ಕಾರಿ ಭಾಷೆಯಲ್ಲಿ ಎಲ್ಲೆಲ್ಲೂ ಕೇಳಿಬರುವ ಪದ 'ಸಮನ್ವಯ'. ಸಮನ್ವಯ ಸಭೆ, ಸಮನ್ವಯ ಅಧಿಕಾರಿ, ಇಲಾಖೆಗಳ ಸಮನ್ವಯದೊಂದಿಗೆ ಪರಿಹಾರ ಕಾರ್ಯ. ಕಂದಾಯ, ಪಂಚಾಯ್ತಿ, ಕೃಷಿ, ಪಶುಸಂಗೋಪನೆ, ಲೋಕೋಪಯೋಗಿ, ಎಲ್ಲರೂ ಕೂಡಿ ಕೆಲಸ ಮಾಡಬೇಕು ಎಂಬುದು ಇದರ ಅರ್ಥ. ಒಳ್ಳೆಯ ಅರ್ಥವೇ. ರಸ್ತೆ ಕಿತ್ತುಹೋದಲ್ಲಿ ಅಕ್ಕಿಯ ಲಾರಿ ಹೋಗದು, ಲೈನು ಕಡಿದಲ್ಲಿ ನೀರಿನ ಪಂಪು ನಡೆಯದು. ಕೂಡಿ ಮಾಡದಿದ್ದರೆ ಯಾವುದೂ ಆಗುವುದಿಲ್ಲ.

ಆದರೆ ವಿಮರ್ಶೆ ಓದಿದವನಿಗೆ ಈ ಪದ ಕೇಳಿದೊಡನೆ ಒಂದಿಷ್ಟು ಸಂಶಯ ಬರುತ್ತದೆ. ಬ್ರಹ್ಮಸೂತ್ರದ ಮೊದಲ ಅಧ್ಯಾಯಕ್ಕೇ ಸಮನ್ವಯಾಧ್ಯಾಯ ಎಂದು ಹೆಸರು. ಬೇರೆ ಬೇರೆ ಶ್ರುತಿವಾಕ್ಯಗಳು ಒಂದೇ ತತ್ತ್ವವನ್ನು ಹೇಳುತ್ತವೆಂದು ಹೊಂದಿಸುವ ಕೆಲಸ ಅಲ್ಲಿ ನಡೆಯುತ್ತದೆ. ಅದೇ ಅಧ್ಯಾಯದ ಮೂರನೆಯ ಪಾದದಲ್ಲಿ ಅಪಶೂದ್ರಾಧಿಕರಣ ಇದೆ. ಶೂದ್ರನಿಗೆ ವೇದವಿದ್ಯೆಯ ಅಧಿಕಾರವಿಲ್ಲ ಎಂದು ಭಾಷ್ಯಕಾರರು ಸಾಧಿಸಿದ ಜಾಗ ಅದು. ಎಲ್ಲವನ್ನೂ ಹೊಂದಿಸುವ ಅಧ್ಯಾಯದ ಒಳಗೇ ಹೊರಗಿಡುವ ಬಾಗಿಲೂ ಇದೆ. ಇದು ಆಕಸ್ಮಿಕವಲ್ಲ. ಹೊಂದಾಣಿಕೆ ಸಲೀಸಾಗಬೇಕಾದರೆ ಹೊಂದದವರನ್ನು ಮೊದಲು ಲೆಕ್ಕದಿಂದ ತೆಗೆಯಬೇಕಾಗುತ್ತದೆ.

ಕುವೆಂಪು ಅವರೂ ಸಮನ್ವಯ ಎಂದರು. ಅದನ್ನು ಮರೆತು ಮಾತಾಡುವುದು ಅನ್ಯಾಯ. ಆದರೆ ಅವರ ಐದು ಮಂತ್ರಗಳ ಕ್ರಮ ನೋಡಿ: ಮನುಜಮತ, ವಿಶ್ವಪಥ, ಸರ್ವೋದಯ, ಸಮನ್ವಯ, ಪೂರ್ಣದೃಷ್ಟಿ. ಸಮನ್ವಯ ನಾಲ್ಕನೆಯದು, ಸರ್ವೋದಯ ಅದಕ್ಕಿಂತ ಮೊದಲು ಬರುತ್ತದೆ. ಎಲ್ಲರೂ ಏಳಬೇಕು ಎಂಬುದು ತೀರ್ಮಾನವಾದ ಮೇಲಷ್ಟೇ ಕೂಡಿಸುವ ಮಾತು. ನಮ್ಮ ಪರಿಹಾರ ವ್ಯವಸ್ಥೆ ಮೂರನ್ನು ಹಾರಿ ನೇರ ನಾಲ್ಕಕ್ಕೆ ಬಂದು ನಿಂತಿದೆ. ಇಲಾಖೆ ಇಲಾಖೆಗಳ ನಡುವೆ ಸಮನ್ವಯ ಇದೆ. ಊರಿಗೂ ಕೇರಿಗೂ ನಡುವೆ ಏನಿದೆ?

3

ಇನ್ನು ನನ್ನ ಪಟ್ಟಿಯ ವಿಷಯ.

ಆ ಆಗಸ್ಟಿನಲ್ಲಿ ನಮ್ಮೂರ ಹಳ್ಳವೂ ಉಕ್ಕಿತು. ನಾನು ಆಗ ಎಂ.ಎ. ವಿದ್ಯಾರ್ಥಿ, ಬಸ್ಸುಗಳು ನಿಲ್ಲುವ ಮೊದಲೇ ಊರು ಸೇರಿಕೊಂಡಿದ್ದೆ. ಶಾಲೆಯಲ್ಲಿ ಗಂಜಿ ಕೇಂದ್ರ ತೆರೆದರು. ಮಳೆ ಸ್ವಲ್ಪ ಹೊಳವಾದ ಮೇಲೆ ಬೆಳೆಹಾನಿಯ ಸಮೀಕ್ಷೆ ಶುರುವಾಯಿತು. ತಲಾಟಿಗೆ ಒಂದಲ್ಲ, ಹಲವು ಹಳ್ಳಿ. ವಾರದೊಳಗೆ ಎಲ್ಲವನ್ನೂ ಕಂಪ್ಯೂಟರಿಗೆ ಏರಿಸಬೇಕು. ಕರೆಂಟಿಲ್ಲ, ನೆಟ್‌ವರ್ಕ್ ಇಲ್ಲ. ಆತ ಎರಡು ರಾತ್ರಿ ನಿದ್ದೆ ಮಾಡಿರಲಿಲ್ಲ. ನನ್ನ ಅಕ್ಷರ ದುಂಡಗಿದೆ ಎಂದು ಯಾರೋ ಹೇಳಿದರು. "ಬಾರಪ್ಪ, ನೀ ಓದಿದಾಂವ, ಇಲ್ಲೆ ಕುಂದ್ರು" ಎಂದು ಬೆಂಚಿನ ಮೇಲೆ ಕೂಡಿಸಿದರು. ಕೇರಿಯ ಹುಡುಗನನ್ನು ಊರಿನ ನಡುವೆ ಕೂಡಿಸಿ ಲೆಕ್ಕ ಬರೆಸಿದ್ದು ನಮ್ಮ ಅಪ್ಪನ ತಲೆಮಾರಿನಲ್ಲಿ ಆಗುತ್ತಿರಲಿಲ್ಲ. ನನಗೆ ಹೆಮ್ಮೆಯೇ ಆಯಿತು. ಅದನ್ನು ಮುಚ್ಚಿಡುವುದಿಲ್ಲ.

ಹಾಳೆಯ ಮೇಲೆ ಗೆರೆ ಎಳೆದು ಮನೆಗಳನ್ನು ಮಾಡಿದ್ದರು. ಖಾತೆದಾರರ ಹೆಸರು, ಸರ್ವೆ ನಂಬರು, ವಿಸ್ತೀರ್ಣ, ಬೆಳೆ, ಹಾನಿಯ ಪ್ರಮಾಣ, ಆಧಾರ್, ಬ್ಯಾಂಕ್ ಖಾತೆ. ಜನ ಸಾಲು ನಿಂತರು. ಉತಾರ ತಂದವರು ಉತಾರ ತೋರಿಸಿದರು. ಬರೆಯುತ್ತ ಹೋದೆ. ಸಾಲಿನಲ್ಲಿ ನಮ್ಮಪ್ಪನೂ ಬಂದು ನಿಂತ. ಅವನ ಕೈಯಲ್ಲಿ ಏನೂ ಇರಲಿಲ್ಲ. ನಾವು ಲಾವಣಿಗೆ ಹಿಡಿದ ಎರಡೆಕರೆ ಭತ್ತ, ಮೇಲಿನ ತುಂಡಿನಲ್ಲಿ ಗೋವಿನಜೋಳ. ಬೀಜ ನಮ್ಮದು, ಗೊಬ್ಬರ ನಮ್ಮದು, ಸಾಲ ನಮ್ಮದು. ಉತಾರ ಮಾತ್ರ ಮಾಲಕರದು. ಯಾರ ಹೆಸರು ಬರೆಯಲಿ ಎಂದು ಕೇಳಿದೆ. "ಉತಾರದಾಗ ಯಾರ ಹೆಸರೈತಿ ಅವರದ ಬರಿ" ಎಂದರು. ಬರೆದೆ. ನನ್ನ ದುಂಡನೆಯ ಅಕ್ಷರದಲ್ಲಿ, ನಮ್ಮಪ್ಪ ಎದುರಿಗೇ ನಿಂತಿರುವಾಗ, ನಾವು ಬಿತ್ತಿದ ಬೆಳೆಯ ಎದುರು ಮಾಲಕರ ಹೆಸರು ಬರೆದೆ.

ರಾತ್ರಿ ಅಪ್ಪ ಅಂದ: "ತಮ್ಮಾ, ನೀರೇನು ಉತಾರ ನೋಡಿ ಬಂತೇನು? ಪರಿಹಾರ ಯಾಕ ಉತಾರ ನೋಡೇ ಬರ್ತೈತಿ?" ಅವ್ವ ಒಂದು ಹೆಜ್ಜೆ ಮುಂದೆ ಹೋದಳು. ಆಕೆ ನಮ್ಮ ಲಾವಣಿ ಗದ್ದೆಯಲ್ಲಿ ಅಷ್ಟೇ ಅಲ್ಲ, ಮೂರು ಬೇರೆ ಹೊಲಗಳಲ್ಲೂ ಕೂಲಿ ಮಾಡುತ್ತಿದ್ದಳು. "ಕಸಾ ತಗದಾಕಿ ನಾನು. ಸುಗ್ಗಿ ತನಕ ನನ್ನ ಕೂಲಿ ಹೋತಲ್ಲ, ಅದನ್ನ ಯಾವ ಮನ್ಯಾಗ ಬರಿತಿ?" ಎಂದಳು. ಆ ಹಾಳೆಯಲ್ಲಿ ಅವಳಿಗೆ ಮನೆಯಿರಲಿಲ್ಲ.

ಆಮೇಲಿನದು ಚಿಕ್ಕ ಕತೆ. ಹಣ ಮಾಲಕರ ಖಾತೆಗೆ ಬಂತು. ಅವರು ಕೆಟ್ಟವರಲ್ಲ. ಅಪ್ಪನನ್ನು ಕರೆಸಿ ಅರ್ಧ ಚೀಲ ಅಕ್ಕಿ, ಒಂದಿಷ್ಟು ರೊಕ್ಕ ಕೊಟ್ಟರು. ಅಪ್ಪ ಜಗುಲಿಯ ಕೆಳಗೆ ನಿಂತು ಅದನ್ನು ತೆಗೆದುಕೊಂಡ. ಕಚೇರಿಯಲ್ಲಿ ಹಕ್ಕಾಗಿ ಬರಬೇಕಾದದ್ದು ಜಗುಲಿಯ ಕೆಳಗೆ ದಾನವಾಗಿ ಬಂತು. ನಾನು ಹೇಳಬೇಕೆಂದಿರುವ ಇಡೀ ವಿಷಯ ಇಷ್ಟೇ. ನೆರೆಯಲ್ಲಿ ನಾವು ಕಳೆದುಕೊಂಡದ್ದು ಭತ್ತ. ಪರಿಹಾರದಲ್ಲಿ ಕಳೆದುಕೊಂಡದ್ದು ಬೇರೆಯದು.

ಇದನ್ನು ತಲಾಟಿಯ ತಪ್ಪು ಎನ್ನುವುದು ಸುಲಭ. ಆತನ ಮೇಲೆ ಸಿಟ್ಟು ತೀರಿಸಿಕೊಂಡು ನಾವು ಮನೆಗೆ ಹೋಗಬಹುದು. ಆದರೆ ತಪ್ಪು ವ್ಯಕ್ತಿಯಲ್ಲಿಲ್ಲ, ಪಠ್ಯದಲ್ಲಿದೆ. 1974ರ ಭೂಸುಧಾರಣೆ ತಿದ್ದುಪಡಿ ಕರ್ನಾಟಕದಲ್ಲಿ ಗೇಣಿಯನ್ನೇ ನಿಷೇಧಿಸಿತು. ಗೇಣಿದಾರರಾಗಿದ್ದವರು ಭೂಮಿಯ ಒಡೆಯರಾದರು. ಅದು ದೊಡ್ಡ ಕೆಲಸ, ಅದನ್ನು ಹಳಿಯಲಾರೆ. ಆದರೆ ದಲಿತರಲ್ಲಿ ಬಹುಪಾಲು ಜನ ಅಂದು ಗೇಣಿದಾರರಾಗಿರಲಿಲ್ಲ, ಆಳುಗಳಾಗಿದ್ದರು. ಆಳಿಗೆ ಡಿಕ್ಲರೇಶನ್ ಕೊಡಲು ಏನಿತ್ತು? ಆಮೇಲೆ ಅವರ ಮಕ್ಕಳು ಲಾವಣಿಗೆ ಹಿಡಿದು ಉಳತೊಡಗಿದಾಗ ಕಾನೂನಿನ ಪ್ರಕಾರ ಲಾವಣಿ ಎಂಬುದೇ ಇಲ್ಲ. ಇಲ್ಲದ್ದನ್ನು ಯಾರೂ ಬರೆದುಕೊಡುವುದಿಲ್ಲ. ಬಾಯಿಮಾತಿನಲ್ಲಿ ನಡೆಯುವ ವ್ಯವಹಾರ ನೆರೆಯ ದಿನ ಬಾಯಿಲ್ಲದಂತಾಗುತ್ತದೆ. ಆಂಧ್ರಪ್ರದೇಶದವರು 2011ರಲ್ಲಿ ಪರವಾನಗಿ ಪಡೆದ ಸಾಗುವಳಿದಾರರ ಕಾಯ್ದೆಯನ್ನೂ, 2019ರಲ್ಲಿ ಬೆಳೆ ಸಾಗುವಳಿದಾರರ ಹಕ್ಕುಗಳ ಕಾಯ್ದೆಯನ್ನೂ ಮಾಡಿ, ಭೂಮಿಯ ಒಡೆತನಕ್ಕೆ ಕೈಹಾಕದೆ ಉಳುವವನಿಗೊಂದು ಕಾರ್ಡು ಕೊಡುವ ದಾರಿ ಹುಡುಕಿದರು. ಅದರಲ್ಲಿ ಏನೇನು ಕೊರತೆ ಇರಲಿ, ಉಳುವವನು ಇದ್ದಾನೆ ಎಂದು ಕಾಗದ ಒಪ್ಪಿಕೊಂಡಿತು.

4

ಈಗ ಒಂದು ಪ್ರಯೋಗ ಮಾಡೋಣ. ಕನ್ನಡ ಓದುಗರೆಲ್ಲ ಬಲ್ಲ ಒಬ್ಬ ಮನುಷ್ಯನನ್ನು ಕರ್ನಾಟಕ ಸರ್ಕಾರದ 'ಪರಿಹಾರ' ತಂತ್ರಾಂಶದಲ್ಲಿ ದಾಖಲಿಸಿ ನೋಡೋಣ. 1933ರಲ್ಲಿ ಬಂದ ಕಾರಂತರ ಚೋಮ. ನಿಯಮ ಪುಸ್ತಕವಾಗಿ 2015ರಿಂದ 2020ರ ಅವಧಿಯ ವಿಪತ್ತು ಪರಿಹಾರ ನಿಧಿಯ ಮಾನದಂಡಗಳನ್ನು ಇಟ್ಟುಕೊಳ್ಳೋಣ. 2019ರ ನೆರೆಗೆ ಅನ್ವಯವಾದದ್ದು ಅವೇ.

ಬೆಳೆ: ಮಳೆಯಾಶ್ರಿತಕ್ಕೆ ಹೆಕ್ಟೇರಿಗೆ 6,800, ನೀರಾವರಿಗೆ 13,500, ಬಹುವಾರ್ಷಿಕ ಬೆಳೆಗೆ 18,000 ರೂಪಾಯಿ, ಎರಡು ಹೆಕ್ಟೇರಿನ ಮಿತಿಯಲ್ಲಿ. 2019ರಲ್ಲಿ ರಾಜ್ಯ ತನ್ನ ಕಡೆಯಿಂದ ಹೆಕ್ಟೇರಿಗೆ 10,000 ಸೇರಿಸಿತು. ಚೋಮನಿಗೆ ಭೂಮಿಯಿಲ್ಲ. ಭೂಮಿಗಾಗಿ ಹಂಬಲಿಸುವುದೇ ಅವನ ಕತೆ. ಸೊನ್ನೆ.

ಮನೆ: ಬಿದ್ದ ಮನೆ ಅಧಿಕೃತ ಕಟ್ಟಡವೆಂದು ಅಧಿಕಾರಿ ದೃಢೀಕರಿಸಬೇಕು. ಚೋಮನ ಗುಡಿಸಲು ಧಣಿಯ ನೆಲದ ಮೇಲಿನದು. ಗುಡಿಸಲಿಗೆ ಬೇರೆಯೇ ಸಾಲು ಇದೆ: 4,100 ರೂಪಾಯಿ. ಗುಡಿಸಲು ಎಂದರೇನು ಎಂದೂ ಅಲ್ಲಿ ವಿವರಿಸಿದ್ದಾರೆ. ಹುಲ್ಲು, ಮಣ್ಣು, ಪ್ಲಾಸ್ಟಿಕ್ ಹಾಳೆಯಂಥವುಗಳಿಂದ ಮಾಡಿದ, ಕಚ್ಚಾ ಮನೆಗಿಂತಲೂ ಕೀಳಾದ ತಾತ್ಕಾಲಿಕ ವಸತಿ. 'ತಾತ್ಕಾಲಿಕ' ಎಂಬ ಆ ಮಾತನ್ನು ಗಮನಿಸಿ. ಮೂರು ತಲೆಮಾರು ಹುಟ್ಟಿ ಸತ್ತ ಗುಡಿಸಲೂ ಈ ಭಾಷೆಯಲ್ಲಿ ತಾತ್ಕಾಲಿಕವೇ.

ಜಾನುವಾರು: ಸತ್ತ ಎತ್ತಿಗೆ 25,000 ರೂಪಾಯಿ. ಚೋಮನಿಗೆ ಎತ್ತುಗಳಿದ್ದವು. ಈ ಪುಸ್ತಕದಲ್ಲಿ ಚೋಮನ ಹೆಸರು ಗೌರವದಿಂದ ಏಳುವ ಒಂದೇ ಜಾಗ ಅವನ ಎತ್ತು ಸತ್ತಾಗ. ಅದೂ ಎತ್ತು ಅವನದೇ ಎಂದು ಯಾರಾದರೂ ಸಾಕ್ಷಿ ಹೇಳಿದರೆ.

ಜೀವನೋಪಾಯ ಹೋದವರಿಗೆ: ಪರಿಹಾರ ಕೇಂದ್ರದಲ್ಲಿ ಇಲ್ಲದ, ದುಡಿಮೆಗೆ ತೀವ್ರ ಪೆಟ್ಟು ಬಿದ್ದ ಕುಟುಂಬಕ್ಕೆ ದಿನಕ್ಕೆ ದೊಡ್ಡವರಿಗೆ 60, ಮಕ್ಕಳಿಗೆ 45 ರೂಪಾಯಿ, ಕೆಲವು ದಿನಗಳ ಮಟ್ಟಿಗೆ. ನಮ್ಮವ್ವನಂಥವರಿಗೆ ಇದ್ದ ಸಾಲು ಇದು. ಸಾಲು ಇತ್ತು ಎಂಬುದು ನನಗೆ ಗೊತ್ತಾದದ್ದು ಎಷ್ಟೋ ತಿಂಗಳ ಮೇಲೆ, ಮಾನದಂಡವನ್ನು ಪೂರ್ತಿ ಓದಿದಾಗ. ಪಟ್ಟಿ ಬರೆದವನಿಗೇ ಗೊತ್ತಿರಲಿಲ್ಲ!

ಸಾವು: 4 ಲಕ್ಷ. ಚೋಮನ ಮಗ ನೀಲ ನೀರಲ್ಲಿ ಮುಳುಗುತ್ತಾನೆ. ಹೊಲೆಯರ ಹುಡುಗನೆಂದು ದಡದವರು ಮುಟ್ಟಿ ಎತ್ತುವುದಿಲ್ಲ. ನಿಯಮದ ಪ್ರಕಾರ ಅದು ವಿಪತ್ತಲ್ಲ. ಮಳೆ ಇರಲಿಲ್ಲ, ಹೊಳೆ ಉಕ್ಕಿರಲಿಲ್ಲ. ಅಲ್ಲಿ ಮುಳುಗಿಸಿದ್ದು ಬೇರೆಯದು. ಅದಕ್ಕೆ ಮಾನದಂಡ ಬರೆದವರಿಲ್ಲ.

2022ರಲ್ಲಿ ದರಗಳು ಏರಿದವು. ಮಳೆಯಾಶ್ರಿತ ಬೆಳೆಗೆ 8,500, ಗುಡಿಸಲಿಗೆ 8,000. ಅಂಕಿ ಬದಲಾಯಿತು, ವ್ಯಾಕರಣ ಬದಲಾಗಲಿಲ್ಲ. ಈ ವ್ಯಾಕರಣದಲ್ಲಿ ಕರ್ತೃ ಯಾವಾಗಲೂ ಆಸ್ತಿ. ಮನುಷ್ಯ ಅದಕ್ಕೆ ಹತ್ತಿಕೊಂಡ ಪ್ರತ್ಯಯ. ನೆರೆಗೆ ಮೊದಲು ಕಾಗದದ ಮೇಲೆ ನಿಮ್ಮ ಬಳಿ ಏನಿತ್ತೋ ಅದರ ಒಂದಂಶವನ್ನು ಮರಳಿಸುವುದೇ ಪರಿಹಾರ. ಕಾಗದದ ಮೇಲೆ ಏನೂ ಇಲ್ಲದವನಿಗೆ ಆ ಏನೂ ಇಲ್ಲದಿರುವಿಕೆಯನ್ನೇ ನಿಷ್ಠೆಯಿಂದ ಮರಳಿಸುತ್ತಾರೆ. ನಾಲ್ಕು ತಿಂಗಳಲ್ಲಿ 'ಸಹಜ ಸ್ಥಿತಿ'ಗೆ ತಂದೆವು ಎಂದು ವರದಿ ಬರೆಯುತ್ತಾರೆ. ಯಾರ ಸಹಜ ಸ್ಥಿತಿ? ಕೇರಿಯ ಸಹಜ ಸ್ಥಿತಿಯನ್ನು ಬದಲಿಸಬೇಕೆಂದಲ್ಲವೇ ಈ ಚಳವಳಿ ಹುಟ್ಟಿದ್ದು?

ಮನೆಗಳ ವಿಷಯದಲ್ಲಿ ಇನ್ನೊಂದು ಮಾತಿದೆ. 2019ರಲ್ಲಿ ಹಾನಿಯಾದ ಮನೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿದರು. ಪೂರ್ತಿ ಬಿದ್ದದ್ದಕ್ಕೆ 5 ಲಕ್ಷ, ಸ್ವಲ್ಪ ಹಾನಿಯಾದ ಸಿ ವರ್ಗಕ್ಕೆ 50 ಸಾವಿರ. ಮೊತ್ತ ಹಿಂದಿನದಕ್ಕಿಂತ ದೊಡ್ಡದು, ಅದು ಒಪ್ಪತಕ್ಕದ್ದೇ. ಆದರೆ ಮಣ್ಣಿನ ಗೋಡೆಯ ಸ್ವಭಾವ ಬಲ್ಲವರು ಹೇಳುತ್ತಾರೆ, ಅದು ಮಳೆಯಲ್ಲಿ ಬೀಳುವುದಕ್ಕಿಂತ ಮಳೆ ನಿಂತು ಬಿಸಿಲು ಬಿದ್ದ ಮೇಲೆ ಬೀಳುವುದೇ ಹೆಚ್ಚು. ನೆನೆದ ಗೋಡೆ ಒಣಗುತ್ತ ಬಿರಿದು ಕುಸಿಯುತ್ತದೆ. ಸಮೀಕ್ಷೆ ಮುಗಿದ ಹದಿನೈದು ದಿನಕ್ಕೆ ನಮ್ಮ ಕೇರಿಯಲ್ಲಿ ಎರಡು ಮನೆ ಕೂತುಬಿಟ್ಟವು. ಪಟ್ಟಿಯಲ್ಲಿ ಅವು ಸಿ ವರ್ಗದವು, ನೆಲದ ಮೇಲೆ ಮಾತ್ರ ಮಣ್ಣಿನ ಗುಡ್ಡೆ. ಸಿಮೆಂಟಿನ ಮನೆಯ ಅನುಭವದಿಂದ ಬರೆದ ಪಠ್ಯ ಮಣ್ಣಿನ ಮನೆಯ ಕಾಲವನ್ನು ಅರಿಯದು.

5

ಹಾಗಾದರೆ ವಿಪತ್ತಿನ ಕೆಲಸದಲ್ಲಿ ದಲಿತರು ಇಲ್ಲವೇ ಇಲ್ಲವೋ? ಇದ್ದಾರೆ. ಎಲ್ಲಿ ಹೆಸರು ಬರೆಯಬೇಕಿಲ್ಲವೋ ಅಲ್ಲೆಲ್ಲ ಇದ್ದಾರೆ. ನೀರು ಬರುತ್ತದೆ ಎಂದು ಡಂಗುರ ಸಾರಿದವರು, ನೀರು ಇಳಿದ ಮೇಲೆ ಬಾತ ದನದ ಹೆಣ ಎಳೆದವರು, ಗಟಾರ ಬಳಿದವರು. 2004ರ ಸುನಾಮಿಯಾದಾಗ ನಾಗಪಟ್ಟಿಣದ ಕಡಲತೀರದ ಹೆಣಗಳನ್ನು ಎತ್ತಲು ಬೇರೆ ಬೇರೆ ಊರುಗಳ ಪೌರಕಾರ್ಮಿಕರನ್ನು ಕರೆತಂದರು. ಅದೇ ಜಿಲ್ಲೆಯಲ್ಲಿ ದಲಿತ ಸಂತ್ರಸ್ತರನ್ನು ಪರಿಹಾರ ಶಿಬಿರಗಳಿಂದ ದೂರವಿಟ್ಟ ವರದಿಗಳು ಬಂದವು. 2001ರ ಗುಜರಾತ್ ಭೂಕಂಪದ ಮೇಲೆ ಜಾತಿವಾರು ಶಿಬಿರಗಳೆದ್ದದ್ದನ್ನು ಮಾನವ ಹಕ್ಕು ಸಂಘಟನೆಗಳು ದಾಖಲಿಸಿದವು. ನೆಲ ನಡುಗಿದರೂ ಊರು-ಕೇರಿಯ ಗೆರೆ ನಡುಗಲಿಲ್ಲ. ಇವೆಲ್ಲ ಆದ ಮೇಲೆ ಬಂದ 2005ರ ವಿಪತ್ತು ನಿರ್ವಹಣಾ ಕಾಯ್ದೆಯ 61ನೇ ಕಲಮು, ಪರಿಹಾರ ಕೊಡುವಾಗ ಲಿಂಗ, ಜಾತಿ, ಸಮುದಾಯ, ವಂಶ, ಧರ್ಮಗಳ ಆಧಾರದ ಮೇಲೆ ಭೇದ ಮಾಡಕೂಡದು ಎನ್ನುತ್ತದೆ. ಒಳ್ಳೆಯ ಕಲಮು. ಆದರೆ ನನ್ನ ಪಟ್ಟಿಯಲ್ಲಿ ಯಾರೂ ಜಾತಿ ಕೇಳಲಿಲ್ಲ, ಉತಾರ ಕೇಳಿದರು. ಈ ನೆಲದಲ್ಲಿ ಉತಾರ ಕೇಳಿದರೆ ಅರ್ಧ ಜಾತಿ ಕೇಳಿದಂತೆಯೇ.

ತಿಳಿವಳಿಕೆಯ ಪ್ರಶ್ನೆಯೂ ಇದೆ. ನಮ್ಮ ಜನಪದದಲ್ಲಿ ಕೆರೆಯ ಕತೆಗಳು ಬಹಳ. 'ಕೆರೆಗೆ ಹಾರ' ಲಾವಣಿಯಲ್ಲಿ ಮಲ್ಲನಗೌಡನ ಕೆರೆಗೆ ನೀರು ಬರಲೆಂದು ಕಿರಿಸೊಸೆ ಭಾಗೀರಥಿಯನ್ನು ಬಲಿ ಕೊಡುತ್ತಾರೆ. ಅದನ್ನು ಕ್ರೂರ ಎನ್ನಬಹುದು. ಆದರೆ ಯಾರನ್ನು ಕೊಟ್ಟರು ಎಂದು ಆ ಹಾಡು ಹೆಸರು ಹಿಡಿದು ಹೇಳುತ್ತದೆ. ನಮ್ಮ ಸರ್ಕಾರಿ ಗದ್ಯಕ್ಕೆ ಅಷ್ಟು ಪ್ರಾಮಾಣಿಕತೆಯೂ ಇಲ್ಲ. ಹಳೇ ಮೈಸೂರಿನ ಕೋಲಾರದ ಕಡೆ ಕೆರೆಯ ತೂಬು ತೆರೆಯುವ, ಏರಿ ಕಾಯುವ, ಗದ್ದೆಗದ್ದೆಗೆ ನೀರು ಹಂಚುವ ನೀರಗಂಟಿ ಸಾಮಾನ್ಯವಾಗಿ ದಲಿತ. ಕುಡಿಯುವ ನೀರು ಮುಟ್ಟಗೊಡದ ಸಮಾಜ ಕೆರೆಯ ನೀರಿನ ಲೆಕ್ಕವನ್ನು ಅವನ ಕೈಗೆ ಕೊಟ್ಟಿತ್ತು! ಏರಿಯ ಮೇಲೆ ರಾತ್ರಿ ನಡೆದು ಎಲ್ಲಿ ಜಿನುಗುತ್ತಿದೆ, ಎಲ್ಲಿ ಇಲಿ ಬಿಲ ತೋಡಿದೆ ಎಂದು ಕಾಲಿನಿಂದ ತಿಳಿಯುತ್ತಿದ್ದವನು ಅವನು. ಕೆರೆಗಳು ಇಲಾಖೆಗಳ ಕೈಗೆ ಹೋದಂತೆ ಆ ತಿಳಿವಳಿಕೆ ಕಡತಕ್ಕೆ ಇಳಿಯಲಿಲ್ಲ. ನಮ್ಮ ಕಡೆ ನೀರಗಂಟಿ ಎಂಬ ಹೆಸರಿಲ್ಲದಿರಬಹುದು. ಆದರೆ ಹಳ್ಳ ಯಾವ ಕಡೆ ತಿರುಗುತ್ತದೆ ಎಂಬುದು ತಗ್ಗಿನಲ್ಲಿ ವಾಸಿಸುವವರಿಗೇ ಮೊದಲು ಗೊತ್ತಾಗುವುದು. ಕೇರಿ ತಗ್ಗಿನಲ್ಲಿರುತ್ತದೆ. ಸಮನ್ವಯ ಸಭೆ ಎತ್ತರದಲ್ಲಿ ನಡೆಯುತ್ತದೆ.

ಬಾಬಾಸಾಹೇಬರನ್ನು ನಾವು ನೀರಿನ ವಿಷಯದಲ್ಲಿ ನೆನೆಯುವುದು 1927ರ ಮಹಾಡದ ಚವದಾರ್ ಕೆರೆಗಾಗಿ. ನೆನೆಯಬೇಕಾದದ್ದೇ. ಆದರೆ ಅದೇ ಅಂಬೇಡ್ಕರ್ 1942ರಿಂದ 46ರವರೆಗೆ ವೈಸರಾಯರ ಮಂಡಳಿಯ ಕಾರ್ಮಿಕ ಸದಸ್ಯರಾಗಿ, 1943ರ ದಾಮೋದರ ನದಿಯ ನೆರೆಯ ಬೆನ್ನಿಗೆ, ಆ ಕಣಿವೆಯ ಯೋಜನೆಯನ್ನು ರೂಪಿಸಲು ಶ್ರಮಿಸಿದರು. 1945ರ ನವೆಂಬರಿನಲ್ಲಿ ಕಟಕದ ಸಭೆಯಲ್ಲಿ ಒರಿಸ್ಸಾದ ನದಿಗಳ ಬಗ್ಗೆ ಮಾತಾಡುತ್ತ, ಹೆಚ್ಚಿದ ನೀರನ್ನು ಪೀಡೆಯೆಂದು ಕಂಡು ಹೊರದೂಡುವುದಲ್ಲ, ಅದನ್ನು ಹಿಡಿದು ಬಳಸಬೇಕು ಎಂಬ ದಾರಿ ತೋರಿಸಿದರು. ಕೆರೆಯ ನೀರು ಮುಟ್ಟುವ ಹಕ್ಕು ಕೇಳಿದವರೇ ಇಡೀ ನದಿಯ ಬಗ್ಗೆ ಯೋಚಿಸಿದರು. ನಾವು ಅರ್ಜಿದಾರರಾಗಿ ಅಲ್ಲ, ಯೋಜಕರಾಗಿ ಆ ಸಭೆಯಲ್ಲಿ ಕೂಡಬೇಕು ಎಂಬುದಕ್ಕೆ ಇದಕ್ಕಿಂತ ದೊಡ್ಡ ಆಧಾರ ಬೇಕೇ?

6

ಆ ಸಭೆಯ ಕುರ್ಚಿಗಳನ್ನೂ ಒಮ್ಮೆ ನೋಡೋಣ. ಕಾಯ್ದೆಯ ಪ್ರಕಾರ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿ ಅಧ್ಯಕ್ಷರು. ಜನರು ಆರಿಸಿದ ಜಿಲ್ಲಾ ಪಂಚಾಯ್ತಿಯ ಅಧ್ಯಕ್ಷರು ಸಹ ಅಧ್ಯಕ್ಷರು. ಕರ್ನಾಟಕದ ಜಿಲ್ಲಾ, ತಾಲೂಕು ಪಂಚಾಯ್ತಿಗಳ ಅವಧಿ 2021ರಲ್ಲಿ ಮುಗಿಯಿತು; ಆಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. 2021ರ ಜುಲೈಯಲ್ಲಿ ಯಲ್ಲಾಪುರದ ಕಳಚೆಯಲ್ಲಿ ಗುಡ್ಡ ಕುಸಿದಾಗ, ಕದ್ರಾ ಅಣೆಕಟ್ಟಿನ ಕೆಳಗೆ ನೀರು ನುಗ್ಗಿದಾಗ ಆ ಕುರ್ಚಿ ಖಾಲಿ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಬಿದ್ದಾಗಲೂ ಖಾಲಿ. ಅದರೊಂದಿಗೆ ಮೀಸಲಾತಿಯಿಂದ ಬರಬೇಕಾದ ದಲಿತ, ಆದಿವಾಸಿ, ಮಹಿಳಾ ಸದಸ್ಯರ ಕುರ್ಚಿಗಳೂ ಖಾಲಿ. ಚುನಾವಣೆ ಮುಂದೂಡಿದರೆ ಆಡಳಿತವೇನೂ ನಿಲ್ಲುವುದಿಲ್ಲ. ಅಧಿಕಾರಿಗಳು ನಡೆಸುತ್ತಾರೆ. ನಿಲ್ಲುವುದು ಕೇಳುವ ಬಾಯಿ.

ಕೆಳಗಿನ ಹಂತದಲ್ಲಿ ದಾರಿ ಇಲ್ಲವೆಂದಲ್ಲ. 1993ರ ಪಂಚಾಯ್ತಿ ಕಾಯ್ದೆ ಪ್ರತಿ ಗ್ರಾಮ ಪಂಚಾಯ್ತಿಗೆ ಮೂರು ಸ್ಥಾಯಿ ಸಮಿತಿ ಕೊಟ್ಟಿದೆ: ಉತ್ಪಾದನೆ, ಸೌಕರ್ಯ, ಸಾಮಾಜಿಕ ನ್ಯಾಯ. ಮೂರನೆಯದು ಪರಿಶಿಷ್ಟರ, ಹಿಂದುಳಿದವರ, ಮಹಿಳೆಯರ ಹಿತ ನೋಡಬೇಕಾದದ್ದು. ನೆರೆಯ ಪಟ್ಟಿ ಈ ಸಮಿತಿಯ ಮುಂದೆ ಬಂದದ್ದನ್ನು ನಾನು ಕಂಡಿಲ್ಲ. ಯಾಕೆಂದರೆ ಪರಿಹಾರದ ದಾರಿ ತಹಶೀಲ್ದಾರರಿಂದ ತಲಾಟಿಗೆ ಇಳಿದು ತಲಾಟಿಯಿಂದ ಕಂಪ್ಯೂಟರಿಗೆ ಏರುತ್ತದೆ. ಪಂಚಾಯ್ತಿಯ ಪಾಲಿಗೆ ಗಂಜಿಯ ಒಲೆ ಮಾತ್ರ.

ಆದ್ದರಿಂದ ನಾನು ಕೇಳುವುದು ಕ್ರಾಂತಿಯನ್ನಲ್ಲ, ಮೂರು ಸಣ್ಣ ಕೆಲಸಗಳನ್ನು. ಒಂದು, ಪಟ್ಟಿಯನ್ನು ಅಂತಿಮ ಮಾಡುವ ಮುನ್ನ ವಾರ್ಡ್ ಸಭೆಯಲ್ಲಿ, ಕೇರಿಯ ಕಟ್ಟೆಯ ಮೇಲೆ ನಿಂತು ಗಟ್ಟಿಯಾಗಿ ಓದಬೇಕು. ಫಲಕಕ್ಕೆ ಅಂಟಿಸಿದರೆ ಸಾಲದು. ಎರಡು, ಪಂಚರಲ್ಲಿ ಒಬ್ಬರಾದರೂ ಕೇರಿಯವರಿರಬೇಕು, ಅದರಲ್ಲೂ ಹೆಣ್ಣುಮಕ್ಕಳು. ಗದ್ದೆಯಲ್ಲಿ ಯಾರು ಇದ್ದರು ಎಂಬುದು ಅವರಿಗೇ ಗೊತ್ತು. ಮೂರು, ಖಾತೆದಾರರ ಹೆಸರಿನ ಪಕ್ಕದಲ್ಲಿ ಉತ್ತವರ ಹೆಸರಿಗೊಂದು, ಕೂಲಿ ಹೋದವರ ಹೆಸರಿಗೊಂದು ಮನೆ ಬೇಕು. ಹಣ ತಕ್ಷಣ ಬರದಿರಬಹುದು. ಆದರೆ ಬರೆದ ಹೆಸರನ್ನು ಇಲ್ಲ ಎನ್ನುವುದು ಕಷ್ಟ.

ಇದೆಲ್ಲ ಸಾಹಿತ್ಯ ವಿಮರ್ಶೆಯೇ ಎಂದು ಕೇಳುವ ಗೆಳೆಯರಿದ್ದಾರೆ. ನನ್ನ ಉತ್ತರ ಇಷ್ಟು. ಪಠ್ಯದಲ್ಲಿ ಯಾರು ಮಾತಾಡುತ್ತಾರೆ, ಯಾರ ಪರವಾಗಿ ಮಾತಾಡಲಾಗುತ್ತದೆ, ಯಾರು ಬರುವುದೇ ಇಲ್ಲ ಎಂದು ನೋಡುವುದನ್ನು ನನಗೆ ವಿಮರ್ಶೆ ಎಂದು ಕಲಿಸಿದರು. ಕಾದಂಬರಿಯಲ್ಲಿ ಆ ಕಣ್ಣು ತೆರೆದು, ನಮ್ಮಪ್ಪನ ಹೆಸರು ಅಳಿಯುವ ಹಾಳೆಯ ಮುಂದೆ ಮುಚ್ಚಿಕೊಂಡರೆ ಅದು ಎಂಥ ಓದು? ಆ ದಿನ ಬೆಂಚಿನ ಮೇಲೆ ಕೂತವನು ಕನ್ನಡ ಎಂ.ಎ. ಓದುತ್ತಿದ್ದ. ಅವನ ಬಳಿ ಸ್ಕೇಲು ಇತ್ತು, ಪೆನ್ನು ಇತ್ತು, ಹಾಳೆಯ ಬಲಗಡೆ ನಾಲ್ಕು ಬೆರಳು ಜಾಗವೂ ಖಾಲಿ ಇತ್ತು. ಇನ್ನೊಂದು ಗೆರೆ ಎಳೆಯಬಹುದಿತ್ತು. ಎಳೆಯಲಿಲ್ಲ.

ಜೂನ್ ಬಂದರೆ ಮತ್ತೆ ಮಳೆ. ಈ ಸಂಚಿಕೆ ಓದುವವರಲ್ಲಿ ಬಹಳ ಮಂದಿ ಊರಿಗೆ ಹೋಗುವವರು, ನನ್ನಂತೆಯೇ ಪಟ್ಟಿ ಬರೆಯಲು ಕೂಡುವವರು. ಸರ್ಕಾರದ ಪಟ್ಟಿಯ ಜೊತೆಗೆ ಒಂದು ಇನ್ನೂರು ಪುಟದ ನೋಟ್‌ಬುಕ್ ಒಯ್ಯಿರಿ. ಅದರಲ್ಲಿ ಎರಡನೇ ಪಟ್ಟಿ ಬರೆಯಿರಿ: ಉತ್ತವರು, ಕಸ ತೆಗೆದವರು, ಹೆಣ ಎಳೆದವರು, ಬಿಸಿಲು ಬಿದ್ದ ಮೇಲೆ ಬಿದ್ದ ಗೋಡೆಗಳು. ದಿನಾಂಕ ಹಾಕಿ, ಹೆಬ್ಬೆಟ್ಟು ಒತ್ತಿಸಿ, ಗ್ರಾಮಸಭೆಯ ನಡಾವಳಿಯಲ್ಲಿ ಸೇರಿಸಿ ಎಂದು ಹಟ ಹಿಡಿಯಿರಿ. ನಮ್ಮ ಪಂಚನಾಮೆಯನ್ನು ನಾವು ಬರೆಯತೊಡಗುವುದು ಅಲ್ಲಿಂದ.